ಕಪಿಲೆಯ ದಡದ ಮಕ್ಕಳೂ ಮೈಸೂರಿನ ಇಂಗ್ಲಿಷ್ ಶಾಲೆಯೂ

ದೇವಾಲಯಕ್ಕೆ ನೂರು ವರ್ಷ ತುಂಬುವ ಪುಣ್ಯಕಾಲದಲ್ಲಿ ಗೋಪುರವನ್ನೂ ಗಂಟೆಯನ್ನೂ ಅವುಗಳಿಗಾಗಿ ದುಡಿದ ಗುರುವರ್ಯರನ್ನೂ ಕೃತಜ್ಞತೆಯಿಂದ ನೆನೆಯುವುದು ರೂಢಿ. ಅದರೊಡನೆ, ನಮ್ಮ ಮನೆತನಗಳ ಬಾಳನ್ನು ಬದಲಿಸಿದ ಇನ್ನೊಂದು ಸಂಸ್ಥೆಯ ಚರಿತ್ರೆಯನ್ನೂ ಸ್ಮರಿಸುವುದು ಉಚಿತ. ಅದುವೇ ಇಂಗ್ಲಿಷ್ ಹೈಸ್ಕೂಲು. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಮಕ್ಕಳಿಗೆ ಆ ಶಾಲೆ ಬಹುಕಾಲ ತಮ್ಮ ಊರಿನಲ್ಲಿರಲಿಲ್ಲ, ಮೈಸೂರಿನಲ್ಲಿತ್ತು.

ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡದ್ದು 1831ರಲ್ಲಿ. ರಾಜ್ಯಾಧಿಕಾರವನ್ನು ಕಳೆದುಕೊಂಡಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ತಮ್ಮ ರಾಜಧಾನಿಯಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ಸ್ಥಾಪಿಸಿದರು. ಅದು ಕೆಲಕಾಲ ವೆಸ್ಲಿಯನ್ ಮಿಷನರಿಗಳ ಮೇಲ್ವಿಚಾರಣೆಯಲ್ಲಿದ್ದು, ಅನಂತರ ಸರ್ಕಾರದ ಆಡಳಿತಕ್ಕೆ ಸೇರಿ, ಕಾಲಕ್ರಮದಲ್ಲಿ ಮಹಾರಾಜ ಕಾಲೇಜಾಗಿ ಬೆಳೆಯಿತು. ಅತ್ತ ಹಳ್ಳಿಗಳ ಪಾಲಿಗೆ ಬಂದದ್ದು ಬೇರೆಯೇ ಬಗೆಯ ಶಾಲೆ. ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ಬಿ.ಎಲ್. ರೈಸ್ ಅವರು 1868ರಲ್ಲಿ ಹೋಬಳಿಗೊಂದು ಕನ್ನಡ ಶಾಲೆಯೆಂಬ ಯೋಜನೆಯನ್ನು ರೂಪಿಸಿದರು. ಇದೇ ರೈಸ್ ಅವರು ಮುಂದೆ ನಮ್ಮ ಈ ಎರಡು ತಾಲ್ಲೂಕುಗಳ ಶಿಲಾಶಾಸನಗಳನ್ನೂ ಓದಿಸಿ, 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರೆಂಬುದು ಗಮನಾರ್ಹ.

ಹೀಗೆ ವಿದ್ಯೆಗೆ ಎರಡು ಮೆಟ್ಟಿಲುಗಳಾದವು. ಕೆಳಗಿನದು ಕನ್ನಡದ್ದು, ಊರಿನ ಸಮೀಪದ್ದು. ಮೇಲಿನದು ಇಂಗ್ಲಿಷಿನದು, ಪಟ್ಟಣದ್ದು. ಇವೆರಡರ ನಡುವಿನ ಅಂತರವೇ ಬಡವರ ಮಕ್ಕಳನ್ನು ತಡೆದು ನಿಲ್ಲಿಸಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ಮೊದಲು ಬಹುಕಾಲ ಇಲ್ಲಿಯ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕಾಗಿತ್ತು. ಸರ್ಕಾರಿ ನೌಕರಿಗೆ ಅದೇ ರಹದಾರಿ.

1891ರಲ್ಲಿ ನಂಜನಗೂಡಿಗೆ ರೈಲು ಬಂದಿತು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಗಾಡಿ ಓಡಾಡತೊಡಗಿತು. ಆದರೆ ಕಾವೇರಿ ಕಪಿಲೆಗಳು ಕೂಡುವ ನರಸೀಪುರಕ್ಕೆ ರೈಲು ಬರಲೇ ಇಲ್ಲ. ಅಲ್ಲಿಯ ರೈತನ ಮಗ ಓದಬೇಕಾದರೆ ಮೈಸೂರಿನಲ್ಲಿಯೇ ನೆಲೆ ಹುಡುಕಬೇಕಿತ್ತು. ಬ್ರಾಹ್ಮಣ ಬಾಲಕರಿಗೆ ವಾರಾನ್ನದ ಆಸರೆಯಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಒಕ್ಕಲಿಗನ ಮಗನಿಗೆ, ದಲಿತನ ಮಗನಿಗೆ, ಕ್ರೈಸ್ತನ ಮಗನಿಗೆ ಅಂಥ ಮನೆಗಳು ಎಲ್ಲಿದ್ದವು? ಆದ್ದರಿಂದ ನಮ್ಮ ಸೀಮೆಯ ಮಟ್ಟಿಗೆ ಹೈಸ್ಕೂಲಿನ ಚರಿತ್ರೆಯು ಅರ್ಧದಷ್ಟು ವಿದ್ಯಾರ್ಥಿನಿಲಯಗಳ ಚರಿತ್ರೆಯೇ ಆಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1910ರ ದಶಕದಲ್ಲಿ, ಸರ್ಕಾರಿ ಶಾಲೆಗಳ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಬೇಕೆಂಬ ಆಜ್ಞೆ ಹೊರಟಿತು. ಹಿಂದುಳಿದ ವರ್ಗಗಳ ಸ್ಥಿತಿಯನ್ನು ವಿಚಾರಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿ, 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು.

ಹೆಣ್ಣುಮಕ್ಕಳ ಪಾಡು ಇನ್ನೂ ಕಠಿನ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಲ್ಲಿಯೇ ಆರಂಭವಾಗಿದ್ದರೂ, 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದ ತಿರುಮಲಾಂಬ ಅವರಿಗೆ ಮನೆಯೇ ಶಾಲೆಯಾಯಿತು. ಬಾಲ್ಯದಲ್ಲಿಯೇ ವೈಧವ್ಯ ಒದಗಿದರೂ ಅವರು ಎದೆಗುಂದದೆ ಕಾದಂಬರಿಗಳನ್ನು ಬರೆದು, ಸತೀಹಿತೈಷಿಣಿ ಗ್ರಂಥಮಾಲೆಯನ್ನು ಹೊರತಂದರು.

ಇನ್ನು ನಮ್ಮ ಧರ್ಮಸಭೆಯ ಸೇವೆ. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದ್ಯುಬುವಾ ಅವರ ಕಾಲದಲ್ಲಿ ಚದುರಿದ ಮಂದೆಯನ್ನು ಒಗ್ಗೂಡಿಸುವುದೇ ಮುಖ್ಯ ಕಾರ್ಯವಾಗಿತ್ತು. ಉನ್ನತ ವಿದ್ಯೆಯ ಕಾರ್ಯ ಅನಂತರದ್ದು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್, ಬೆಂಗಳೂರಿನಲ್ಲಿ 1882ರಲ್ಲಿ ಸಂತ ಜೋಸೆಫ್ ಕಾಲೇಜುಗಳು ಸ್ಥಾಪನೆಯಾದವು. ಮೈಸೂರಿನಲ್ಲಿ ಸಂತ ಫಿಲೋಮಿನಾ ದೇವಾಲಯಕ್ಕೆ ನಾಲ್ವಡಿಯವರು 1933ರಲ್ಲಿ ಅಡಿಗಲ್ಲಿಟ್ಟರು. ಧರ್ಮಾಧ್ಯಕ್ಷ ರೆನೆ ಫೂಗಾ ಅವರು 1946ರಲ್ಲಿ ಅದೇ ಸಂತಳ ಹೆಸರಿನ ಕಾಲೇಜನ್ನು ಸ್ಥಾಪಿಸಿದರು.

ಇಂಗ್ಲಿಷ್ ಶಾಲೆ ನಮ್ಮನ್ನು ಮಾತೃಭಾಷೆಯಿಂದ ದೂರ ಮಾಡಿತೆಂಬ ಆಕ್ಷೇಪಣೆ ನಿರಾಧಾರವಲ್ಲ. ಆದರೆ ಮೈಸೂರಿನ ವೆಸ್ಲಿಯನ್ ಹೈಸ್ಕೂಲಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯುವಂತೆ 1924ರಲ್ಲಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಕಲಿತ ಪರಭಾಷೆ ಸ್ವಭಾಷೆಯನ್ನು ಬೆಳಗಿಸಲೂಬಹುದೆಂಬುದಕ್ಕೆ ಇದೇ ಸಾಕ್ಷಿ. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ನಮ್ಮ ಬಲಿಪೂಜೆಯೇ ಲತೀನಿನಿಂದ ಕನ್ನಡಕ್ಕೆ ಬಂದಿತು. 1982ರ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡದ ಸ್ಥಾನವೇನೆಂದು ನಾಡನ್ನೇ ಕೇಳಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ 1994ರ ಸರ್ಕಾರಿ ಆಜ್ಞೆಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತು, ಮಾಧ್ಯಮದ ಆಯ್ಕೆಯನ್ನು ತಂದೆತಾಯಿಗಳಿಗೇ ಬಿಟ್ಟಿತು.

ಆಯ್ಕೆ ನಮ್ಮದಾದಾಗ ಹೊಣೆಯೂ ನಮ್ಮದೇ. ಶುಲ್ಕ ತೆರಲಾರದ ಕೂಲಿಯವನ ಮಗುವಿಗೆ ಆಯ್ಕೆಯೆಂಬುದು ಬರಿಯ ಮಾತು. ಅಂದು ಮೈಸೂರಿನ ದಾರಿ ದೂರವಾಗಿತ್ತು; ಇಂದು ನಮ್ಮ ಊರಿನಲ್ಲಿಯೇ ಇರುವ ಶಾಲೆಯ ಶುಲ್ಕ ಅಷ್ಟೇ ದೂರವಾಗಬಾರದು. ಇಂಗ್ಲಿಷನ್ನು ಚೆನ್ನಾಗಿ ಕಲಿಸುವ, ಕನ್ನಡವನ್ನು ಗೌರವದಿಂದ ಉಳಿಸಿಕೊಳ್ಳುವ, ಯಾವ ಜಾತಿಯ ಯಾವ ಮತದ ಬಡಮಗುವನ್ನೂ ಹೊರಗೆ ನಿಲ್ಲಿಸದ ಶಾಲೆಗಳಿಗೆ ನಮ್ಮ ಧರ್ಮಕೇಂದ್ರಗಳು ಆಸರೆಯಾಗಲಿ. ಶತಮಾನೋತ್ಸವದ ಈ ಸಂದರ್ಭದಲ್ಲಿ ನಾವು ಕೈಗೊಳ್ಳಬಹುದಾದ ಸಂಕಲ್ಪ ಇದೇ. ಇದಕ್ಕೆ ದೇವರ ಆಶೀರ್ವಾದವಿರಲಿ.