ದ್ರಾಕ್ಷಿಯೂ ಮುಪ್ಪಿನ ನೆನಪೂ

ಕಿತ್ತೂರಿನ ಕಾಳಗ ನಡೆದುದು ೧೮೨೪ರಲ್ಲಿ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕಣ್ಮುಚ್ಚಿದುದು ೧೮೨೯ರಲ್ಲಿ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅಚ್ಚು ಹಾಕಿಸಿದುದು ಆ ಶತಮಾನದ ಕೊನೆಯ ಭಾಗದಲ್ಲಿ. ಅದುವರೆಗೆ ಆ ಹಾಡು ಎಲ್ಲಿತ್ತು? ಹಾಡುವವರ ನೆನಪಿನಲ್ಲಿ. ಆದುದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹಿರಿಯರೊಬ್ಬರ ನೆನಪು ಮಾಸಿತೆಂದರೆ ಅದು ಒಂದು ಮನೆಯ ನಷ್ಟ ಮಾತ್ರವಲ್ಲ, ಊರಿನ ನಷ್ಟವೂ ಹೌದು.

ಈ ನೆನಪನ್ನು ದ್ರಾಕ್ಷಿ ಕಾಯುತ್ತದೆಂಬ ಮಾತು ಈಚೆಗೆ ಬಹಳ ಕೇಳಿಬರುತ್ತದೆ. ಹಣ್ಣಿನ ಸಿಪ್ಪೆಯಲ್ಲೂ ಬೀಜದಲ್ಲೂ ಪಾಲಿಫಿನಾಲ್ ಎಂಬ ದ್ರವ್ಯಗಳಿವೆ. ಅವುಗಳ ಗುಳಿಗೆಗಳೂ ಮಾರಾಟಕ್ಕಿವೆ. ವಾಚಕರು ಹಣ ತೆರುವ ಮೊದಲು ಈ ಮಾತಿನ ಚರಿತ್ರೆಯನ್ನು ತಿಳಿಯುವುದು ಲೇಸು.

ಚರಕಸಂಹಿತೆಯ ಫಲವರ್ಗ ಮೊದಲಾಗುವುದೇ ದ್ರಾಕ್ಷಿಯಿಂದ. ಬಾಯಾರಿಕೆ, ಉರಿ, ಜ್ವರ, ಉಬ್ಬಸ, ಕೆಮ್ಮು, ದನಿ ಒಡೆಯುವಿಕೆ ಮುಂತಾದುವಕ್ಕೆ ಅದು ಹಿತವೆಂದು ಅಲ್ಲಿ ಹೇಳಿದೆ, ನೆನಪಿನ ಮಾತಿಲ್ಲ. ಬುದ್ಧಿಗೆ ಬಲ ಕೊಡುವ ಮೇಧ್ಯ ರಸಾಯನಗಳೆಂದು ಚರಕನು ಎಣಿಸಿದುದು ಮಂಡೂಕಪರ್ಣಿ, ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಎಂಬ ನಾಲ್ಕನ್ನು. ದ್ರಾಕ್ಷಿ ಆ ಪಂಕ್ತಿಯಲ್ಲಿಲ್ಲ.

ದಖ್ಖಣಕ್ಕೆ ದ್ರಾಕ್ಷಿ ಹೊಸದಲ್ಲ. ೧೪ನೆಯ ಶತಮಾನದಲ್ಲಿ ದೌಲತಾಬಾದನ್ನು ಕಂಡ ಇಬ್ನ್ ಬತೂತ, ಅಲ್ಲಿ ದ್ರಾಕ್ಷಿ ವರುಷಕ್ಕೆ ಎರಡು ಬಾರಿ ಫಲಿಸುವುದೆಂದು ಬರೆದ. ಇಂದು ವಿಜಯಪುರದ ಕಡೆ ರೈತರು ಬಳ್ಳಿಯನ್ನು ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಹೊಸ ಕಡ್ಡಿಗಾಗಿ, ಮಳೆಗಾಲ ಮುಗಿಯುವಾಗ ಹಣ್ಣಿಗಾಗಿ. ನಮ್ಮ ನಾಲ್ಕು ಊರುಗಳ ಎರೆಭೂಮಿಯ ಹೆಸರಾದ ಬೆಳೆಗಳು ಜೋಳ, ಹತ್ತಿ, ಕಬ್ಬು. ಒಣದ್ರಾಕ್ಷಿಗೆ ಹೆಸರಾದುವು ವಿಜಯಪುರ, ಅಥಣಿ, ಗಡಿಯಾಚೆಯ ತಾಸಗಾಂವ. ಒಣಗಿಸುವುದು ಬಹುಮಟ್ಟಿಗೆ ಥಾಮ್ಸನ್ ಎಂಬ ಬೀಜವಿಲ್ಲದ ತಿಳಿಬಣ್ಣದ ಜಾತಿಯನ್ನು. ಬೀಜವೂ ಇಲ್ಲ, ಕಪ್ಪು ಬಣ್ಣವೂ ಇಲ್ಲ. ಹಾಗಾಗಿ ಈ ದ್ರವ್ಯಗಳೂ ಅದರಲ್ಲಿ ಕಡಿಮೆ. ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಎರಡೂ ಉಂಟು.

ಇನ್ನು ವಿಜ್ಞಾನದ ಕಡೆಗೆ ಬರೋಣ. ರೆಸ್ವೆರಾಟ್ರಾಲ್ ಎಂಬ ಪಾಲಿಫಿನಾಲನ್ನು ಜಪಾನಿನ ತಕಾವೋಕ ಎಂಬ ವಿದ್ವಾಂಸ ೧೯೩೯ರಲ್ಲಿ ಬೇರ್ಪಡಿಸಿದ್ದು ದ್ರಾಕ್ಷಿಯಿಂದಲ್ಲ, ಬೇರೊಂದು ಗಿಡದಿಂದ. ದ್ರಾಕ್ಷಿಯ ಮದ್ಯದಲ್ಲಿ ಅದಿರುವುದು ವರದಿಯಾದದ್ದು ೧೯೯೨ರಲ್ಲಿ. ೨೦೧೦ರಲ್ಲಿ ಅಮೆರಿಕದ ಸಿನ್ಸಿನಾಟಿಯಿಂದ ಒಂದು ಪ್ರಯೋಗ ಪ್ರಕಟವಾಯಿತು. ನೆನಪು ಕುಂದತೊಡಗಿದ್ದ ೧೨ ಮಂದಿ ವೃದ್ಧರಲ್ಲಿ ಕೆಲವರು ೧೨ ವಾರ ಕಾಂಕರ್ಡ್ ದ್ರಾಕ್ಷಿಯ ರಸ ಕುಡಿದರು. ಅದು ನಮ್ಮ ಬೆಂಗಳೂರು ನೀಲಿಗೆ ನೆಂಟನಾದ ಹಣ್ಣು. ಅವರು ಪದಗಳ ಪಟ್ಟಿಯನ್ನು ಮೊದಲಿಗಿಂತ ಚೆನ್ನಾಗಿ ಕಲಿತರು. ಸಂತೋಷದ ಸುದ್ದಿಯೇ, ಆದರೆ ಹನ್ನೆರಡು ಮಂದಿಯಿಂದ ಲೋಕಕ್ಕೆಲ್ಲ ನಿಯಮ ಹೇಳಲಾಗದು.

೨೦೧೫ರಲ್ಲಿ ಆಲ್ಜೈಮರ್ ರೋಗಿಗಳ ಮೇಲಿನ ದೊಡ್ಡ ಪ್ರಯೋಗದ ಫಲ ಬಂತು. ೧೧೯ ಮಂದಿ, ಒಂದು ವರುಷ. ರೆಸ್ವೆರಾಟ್ರಾಲ್ ಮಿದುಳುಬಳ್ಳಿಯ ದ್ರವದವರೆಗೆ ಮುಟ್ಟಿತು. ಆದರೆ ಅದನ್ನು ಸೇವಿಸಿದವರ ಮಿದುಳಿನ ಗಾತ್ರ ಉಳಿದವರಿಗಿಂತ ಹೆಚ್ಚು ತಗ್ಗಿತ್ತು. ಅವರಿಗೆ ಕೊಟ್ಟ ಪ್ರಮಾಣವೋ ದಿನಕ್ಕೆ ೨ ಗ್ರಾಂವರೆಗೆ. ಅಷ್ಟು ರೆಸ್ವೆರಾಟ್ರಾಲನ್ನು ಹಣ್ಣು ತಿಂದು ಪಡೆಯುವುದು ಯಾರಿಗೂ ಸಾಧ್ಯವಿಲ್ಲ. ಹಣ್ಣಿನ ಹೆಸರು ಹೇಳಿ ಗುಳಿಗೆ ಮಾರುವವರ ವಾದ ಇಲ್ಲಿಯೇ ಸಡಿಲವಾಗುತ್ತದೆ.

ಹಾಗೆಂದು ದ್ರಾಕ್ಷಿ ಬೇಡವೆಂದಲ್ಲ. ಹಣ್ಣಾಗಿ ತಿನ್ನಿ, ಸಿಪ್ಪೆಸಹಿತ ತಿನ್ನಿ. ಒಣದ್ರಾಕ್ಷಿಯಲ್ಲಿ ಅರ್ಧಕ್ಕೂ ಮಿಕ್ಕಿ ಸಕ್ಕರೆಯೇ ಇರುವುದರಿಂದ ಮಧುಮೇಹಿಗಳು ಕೈ ಹಿಡಿದು ತಿನ್ನಬೇಕು. ಏಕೆಂದರೆ ಮಧುಮೇಹವೇ ಮಿದುಳಿಗೆ ಶತ್ರು. ಲ್ಯಾನ್ಸೆಟ್ ಆಯೋಗ ೨೦೨೪ರಲ್ಲಿ ಮರೆವಿನ ರೋಗಕ್ಕೆ ದಾರಿ ಮಾಡುವ, ಆದರೆ ತಡೆಯಬಹುದಾದ ೧೪ ಕಾರಣಗಳನ್ನು ಪಟ್ಟಿಮಾಡಿತು. ನಡುವಯಸ್ಸಿನ ರಕ್ತದ ಒತ್ತಡ, ಮಧುಮೇಹ, ತಂಬಾಕಿನ ಹೊಗೆ, ಕಿವುಡು, ಕಣ್ಣಿನ ಮಂಜು, ಒಂಟಿತನ ಇವೆಲ್ಲ ಅದರಲ್ಲಿವೆ.

ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ನಡೆದ ದಾರಿ ತಪ್ಪತೊಡಗಿದರೆ 'ವಯಸ್ಸಾಯಿತು' ಎಂದು ಸುಮ್ಮನಿರಬೇಡಿ; ವೈದ್ಯರಿಗೆ ತೋರಿಸಿ. ಬಿ-೧೨ ಜೀವಸತ್ವದ ಕೊರತೆ, ಥೈರಾಯ್ಡ್ ದೋಷಗಳಂಥ ಕೆಲವು ಕಾರಣಗಳಿಗೆ ಚಿಕಿತ್ಸೆಯುಂಟು. ಗುಳಿಗೆಯ ಹಣದಲ್ಲಿ ಅವರ ಕನ್ನಡಕವನ್ನೋ ಕಿವಿಯ ಯಂತ್ರವನ್ನೋ ಸರಿಮಾಡಿಸಿರಿ. ಸಂಜೆ ಒಂದು ಗಳಿಗೆ ಪಕ್ಕದಲ್ಲಿ ಕುಳಿತು ಹಳೆಯ ಹಾಡೊಂದನ್ನು ಹೇಳಿಸಿರಿ. ಅವರ ಒಂಟಿತನವೂ ಕಳೆಯುತ್ತದೆ, ಹಾಡು ನಿಮ್ಮಲ್ಲಿ ಉಳಿಯುತ್ತದೆ.