ಓಡುದಾರಿಯ ಮೇಲಣ ಮಾತು

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ಜನಕ್ಕೆ ವಿಮಾನವೆಂದೊಡನೆ ನೆನಪಾಗುವುದು ಬೆಳಗಾವಿಯ ಸಾಂಬ್ರಾ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಸೇನೆಯು ನಿರ್ಮಿಸಿದ ಆ ನಿಲ್ದಾಣದ ರನ್‌ವೇ ಈಗ 2,300 ಮೀಟರ್ ಉದ್ದಕ್ಕೆ ಬೆಳೆದಿದೆ. ಓಡುದಾರಿ ಒಂದೇ ಆದರೂ ಅದಕ್ಕೆ ಹೆಸರುಗಳು ಎರಡು. ದಿಕ್ಸೂಚಿಯ ಅಂಶಗಳನ್ನು ಹತ್ತರಿಂದ ಭಾಗಿಸಿ ಇಡುವ ಕ್ರಮದಂತೆ, ಪಶ್ಚಿಮದಿಂದ ಬಂದು ಪೂರ್ವಾಭಿಮುಖವಾಗಿ ಇಳಿಯುವವನಿಗೆ ಅದು 08. ಪೂರ್ವದಿಂದ, ಎಂದರೆ ನಮ್ಮ ನೇಸರಗಿಯ ದಿಕ್ಕಿನಿಂದ, ಬಂದಿಳಿಯುವವನಿಗೆ ಅದೇ 26.

2021ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬಂದ ಡ್ಯಾಶ್ 8 ವಿಮಾನಕ್ಕೆ ಸಾಂಬ್ರಾದ ನಿಯಂತ್ರಣ ಗೋಪುರವು 26ರಲ್ಲಿ ಇಳಿಯಲು ಅನುಮತಿಯಿತ್ತಿತು. ವಿಮಾನವು 08ರಲ್ಲಿ ಇಳಿಯಿತು. ಪ್ರಾಣಹಾನಿಯಾಗಲಿಲ್ಲ. ಆದರೆ ಅದೇ ಕ್ಷಣದಲ್ಲಿ ಇನ್ನೊಂದು ವಿಮಾನವು ಎದುರು ತುದಿಯಿಂದ ಏರುತ್ತಿದ್ದಿದ್ದರೆ ಏನಾಗಬಹುದಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋಪುರದಿಂದ ಹೊರಟ ಒಂದು ಮಾತು ವಿಮಾನ ಚಾಲಕನ ಕಿವಿಯನ್ನು, ಅಲ್ಲಿಂದ ಬುದ್ಧಿಯನ್ನು, ಅಲ್ಲಿಂದ ಕೈಯನ್ನು ತಲಪುವವರೆಗಿನ ದಾರಿ ಎಷ್ಟು ದೂರದ್ದು, ಆ ದಾರಿಯನ್ನು ಸುಗಮಗೊಳಿಸಲು ಕಳೆದ ಶತಮಾನವು ಏನೇನು ಮಾಡಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆರಂಭದಲ್ಲಿ ಮಾತೇ ಇರಲಿಲ್ಲ. 1932ರ ಅಕ್ಟೋಬರಿನಲ್ಲಿ ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಮುಂದಕ್ಕೆ ಮದ್ರಾಸಿಗೆ ಒಯ್ದಾಗ, ನಡುವಣ ತಂಗುದಾಣವಾಗಿದ್ದುದು ನಮ್ಮ ಬಳ್ಳಾರಿ. ಆ ಪುಟ್ಟ ವಿಮಾನಗಳಲ್ಲಿ ರೇಡಿಯೋ ಇರಲಿಲ್ಲ. ಚಾಲಕನಿಗೆ ಕಣ್ಣೇ ಆಧಾರ. ಅಮೆರಿಕದ ಸೇಂಟ್ ಲೂಯಿಯಲ್ಲಿ 1929ರಿಂದ ಆರ್ಚಿ ಲೀಗ್ ಎಂಬಾತನು ಬೆಳಿಗ್ಗೆ ಕೈಗಾಡಿಯಲ್ಲಿ ಕುರ್ಚಿಯನ್ನೂ ಕೊಡೆಯನ್ನೂ ಎರಡು ಬಾವುಟಗಳನ್ನೂ ಹೇರಿಕೊಂಡು ಬಯಲಿಗೆ ಹೋಗಿ, ಚೌಕಳಿಯ ಬಾವುಟದಿಂದ ಹೊರಡೆಂದೂ ಕೆಂಪು ಬಾವುಟದಿಂದ ನಿಲ್ಲೆಂದೂ ಸೂಚಿಸುತ್ತಿದ್ದನು. ಮರುವರ್ಷ ಕ್ಲೀವ್‌ಲ್ಯಾಂಡಿನ ಗೋಪುರಕ್ಕೆ ರೇಡಿಯೋ ಬಂದಿತು. ಬಾವುಟಕ್ಕೆ ಎರಡೇ ಅರ್ಥ. ಮಾತಿಗಾದರೋ ಅರ್ಥಗಳು ನೂರು. ಸೌಕರ್ಯದೊಡನೆ ಅಪಾಯವೂ ಒಳಹೊಕ್ಕದ್ದು ಇಲ್ಲಿಯೇ.

ಆದುದರಿಂದ 1944ರ ಶಿಕಾಗೋ ಒಪ್ಪಂದದಿಂದ ಜನಿಸಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಮಾತಿಗೆ ಕಟ್ಟುಪಾಡುಗಳನ್ನು ವಿಧಿಸತೊಡಗಿತು. ಅಕ್ಷರಗಳು ಒಂದರಂತೆ ಇನ್ನೊಂದು ಕೇಳಿಸದಿರಲೆಂದು ಆಲ್ಫಾ, ಬ್ರಾವೊ, ಚಾರ್ಲಿ ಎಂಬ ವರ್ಣಮಾಲೆ 1956ರಲ್ಲಿ ಜಾರಿಗೆ ಬಂದಿತು. ಐದಕ್ಕೂ ಒಂಬತ್ತಕ್ಕೂ ಇಂಗ್ಲಿಷಿನಲ್ಲಿ ಇರುವ ಧ್ವನಿಸಾಮ್ಯವನ್ನು ಮುರಿಯಲು ಒಂದನ್ನು ‘ಫೈಫ್’ ಎಂದೂ ಇನ್ನೊಂದನ್ನು ‘ನೈನರ್’ ಎಂದೂ ಉಚ್ಚರಿಸುವ ರೂಢಿ ನೆಲೆಗೊಂಡಿತು. ಎಲ್ಲಕ್ಕಿಂತ ಮುಖ್ಯವಾದುದು ಮರುನುಡಿಯ ನಿಯಮ: ಗೋಪುರವು ಹೇಳಿದುದನ್ನು ಚಾಲಕನು ತನ್ನ ಬಾಯಿಂದ ಹಾಗೆಯೇ ಹೇಳಬೇಕು, ಅದು ಸರಿಯೇ ಎಂದು ನಿಯಂತ್ರಕನು ಕಿವಿಗೊಟ್ಟು ಕೇಳಬೇಕು, ತಪ್ಪಿದ್ದರೆ ಒಡನೆಯೇ ತಿದ್ದಬೇಕು.

ಈ ನಿಯಮಗಳ ಕೊರತೆಯನ್ನು ಲೋಕವು ದಾರುಣವಾಗಿ ಅರಿತದ್ದು 1977ರ ಮಾರ್ಚ್ 27ರಂದು, ಟೆನೆರಿಫ್ ದ್ವೀಪದ ಮಂಜಿನಲ್ಲಿ. ಏರಿದ ಬಳಿಕ ಅನುಸರಿಸಬೇಕಾದ ಮಾರ್ಗವನ್ನು ತಿಳಿಸುವಾಗ ಗೋಪುರವು ‘ಟೇಕ್ ಆಫ್’ ಎಂಬ ಪದವನ್ನು ಬಳಸಿತು. ಡಚ್ ವಿಮಾನದ ಕಪ್ತಾನನು ಏರಲು ಅಪ್ಪಣೆ ದೊರೆಯಿತೆಂದು ಬಗೆದು ವೇಗವಾಗಿ ಓಡತೊಡಗಿದನು. ನಿಲ್ಲೆಂಬ ಗೋಪುರದ ಮಾತೂ, ತಾವಿನ್ನೂ ಓಡುದಾರಿಯಲ್ಲೇ ಇದ್ದೇವೆಂಬ ಅಮೆರಿಕದ ವಿಮಾನದ ಮಾತೂ ಒಂದೇ ಕ್ಷಣದಲ್ಲಿ ಹೊರಟು, ರೇಡಿಯೋದಲ್ಲಿ ಡಿಕ್ಕಿಯಾಗಿ, ಬರಿಯ ಸಿಳ್ಳೆಯಾಗಿ ಕೇಳಿಸಿದವು. ವಿಮಾನಗಳೆರಡೂ ಒಂದಕ್ಕೊಂದು ಬಡಿದು ಸತ್ತವರು 583 ಮಂದಿ. ಅಂದಿನಿಂದ ‘ಟೇಕ್ ಆಫ್’ ಎಂಬ ಪದವು ಏರುವ ಅಪ್ಪಣೆಯನ್ನು ಕೊಡುವಾಗ ಅಥವಾ ರದ್ದುಪಡಿಸುವಾಗಲ್ಲದೆ ಬೇರೆಡೆ ಬಳಸಲಾಗದ ಪದವಾಯಿತು. ನಮ್ಮ ಕಣಗಳಲ್ಲಿ ರಾಶಿ ಅಳೆಯುವಾತನು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗುವುದನ್ನು ಹಿರಿಯರು ಬಲ್ಲರು. ಆ ಶಬ್ದ ಕಿವಿಗೆ ಬಿದ್ದೊಡನೆ ಎಣಿಕೆ ಆರಂಭವಾಯಿತೆಂಬುದರಲ್ಲಿ ಯಾರಿಗೂ ಸಂದೇಹವುಳಿಯದು. ಒಂದು ಸಂದರ್ಭಕ್ಕೆ ಒಂದೇ ಶಬ್ದವೆಂಬ ಈ ವಿವೇಕವೇ ವಿಮಾನಲೋಕಕ್ಕೂ ಬೇಕಾಗಿದ್ದುದು.

ಶಬ್ದ ನಿಯತವಾದರೆ ಸಾಲದು, ಭಾಷೆಯೂ ತಿಳಿಯಬೇಕು. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಆಕಾಶದಲ್ಲಿ, 15,000 ಅಡಿಯಲ್ಲಿರಬೇಕಾಗಿದ್ದ ಕಜಕ್ ವಿಮಾನವು ಕೆಳಗಿಳಿದು ಸೌದಿ ವಿಮಾನಕ್ಕೆ ಬಡಿದು 349 ಜನ ಮಡಿದರು. ಕಜಕ್ ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ದೌರ್ಬಲ್ಯವು ವಿಚಾರಣೆಯಲ್ಲಿ ಚರ್ಚೆಗೆ ಬಂದಿತು. ಭಾಷಾ ಸಾಮರ್ಥ್ಯದ ಪರೀಕ್ಷೆ 2008ರ ಮಾರ್ಚಿನಿಂದ ಕಡ್ಡಾಯವಾಯಿತು.

ಇನ್ನು ಗೋಪುರದ ಮಾತು ಸ್ಪಷ್ಟವಾಗಿದ್ದೂ ವಿಮಾನದೊಳಗಿನ ಮಾತು ವ್ಯರ್ಥವಾದ ಪ್ರಸಂಗ ಮಂಗಳೂರಿನದು. 2010ರ ಮೇ 22ರ ಬೆಳಿಗ್ಗೆ, ದುಬೈಯಿಂದ ಬಂದ ವಿಮಾನವು ಬಜ್ಪೆಯ ಗುಡ್ಡದ ಮೇಲಣ ಸುಮಾರು 8,000 ಅಡಿಯ ಓಡುದಾರಿಯಲ್ಲಿ 5,200 ಅಡಿಗಳಷ್ಟನ್ನು ವೃಥಾ ಕಳೆದು ನೆಲ ಮುಟ್ಟಿ, ತುದಿ ದಾಟಿ ಕಂದರಕ್ಕೆ ಬಿದ್ದಿತು. 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ‘ಇಳಿಯುವುದು ಬೇಡ, ಮತ್ತೆ ಏರೋಣ’ ಎಂಬ ಅರ್ಥದ ‘ಗೋ ಅರೌಂಡ್’ ಎಂಬ ಮಾತನ್ನು ಸಹಚಾಲಕನು ಹೇಳಿದ್ದನು, ಮತ್ತೆ ಮತ್ತೆ ಹೇಳಿದ್ದನು. ಕಪ್ತಾನನು ಅದನ್ನು ಕೇಳಲಿಲ್ಲ. ಅಧಿಕಾರದಲ್ಲಿ ಕಿರಿಯನಾದವನ ನುಡಿಗೆ ಹಿರಿಯನು ಮನಗೊಡಬೇಕೆಂಬುದು ಶಿಷ್ಟಾಚಾರದ ಮಾತಲ್ಲ, ಜೀವರಕ್ಷಣೆಯ ನಿಯಮವೆಂಬುದನ್ನು ಕನ್ನಡನಾಡು ಕಲಿತದ್ದು ಈ ಬೆಲೆ ತೆತ್ತು.

ನಿಯಂತ್ರಕರು ತಮ್ಮತಮ್ಮಲ್ಲಿ ಆಡಬೇಕಾದ ಮಾತೂ ಅಷ್ಟೇ ಅಗತ್ಯ. 2022ರ ಜನವರಿ 7ರಂದು ಬೆಂಗಳೂರಿನಲ್ಲಿ, ಎರಡು ಸಮಾಂತರ ಓಡುದಾರಿಗಳ ಬದಲು ಒಂದನ್ನೇ ಬಳಸುವ ನಿರ್ಧಾರವು ದಕ್ಷಿಣ ಗೋಪುರದ ನಿಯಂತ್ರಕನಿಗೆ ತಲಪದೆ, ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ವಿಮಾನಗಳು ಏಕಕಾಲದಲ್ಲಿ ಏರಿ ಪರಸ್ಪರ ಸಮೀಪಿಸಿದವು; ರೇಡಾರ್ ನಿಯಂತ್ರಕನು ಅವನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಿದುದರಿಂದ ಅನಾಹುತ ತಪ್ಪಿತು.

ಯಂತ್ರಗಳು ಈ ಕೊರತೆಯನ್ನು ಪೂರ್ಣವಾಗಿ ತುಂಬಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ, ಏರುವ ಸರದಿಯಲ್ಲಿ ‘ನೀವು ಮೊದಲಿಗರು’ ಎಂದುದನ್ನು ಓಡುದಾರಿಗೆ ಪ್ರವೇಶಿಸಲು ಅನುಮತಿಯೆಂದು ಗ್ರಹಿಸಿದ ಕರಾವಳಿ ಪಡೆಯ ವಿಮಾನಕ್ಕೆ, ಇಳಿದುಬಂದ ಪ್ರಯಾಣಿಕ ವಿಮಾನವು ಅಪ್ಪಳಿಸಿತು. ಗೋಪುರದ ಪರದೆಯಲ್ಲಿ ಎಚ್ಚರಿಕೆಯ ಸೂಚನೆ ಮೂಡಿದ್ದರೂ ಅದರ ಮೇಲೆ ಯಾರ ಕಣ್ಣೂ ಬೀಳಲಿಲ್ಲ. ಪ್ರಯಾಣಿಕ ವಿಮಾನದಲ್ಲಿದ್ದ 379 ಮಂದಿಯೂ ಪಾರಾದರು. ಕರಾವಳಿ ಪಡೆಯ ಐವರು ತೀರಿಕೊಂಡರು. ಯಂತ್ರವು ಎಚ್ಚರಿಸಬಲ್ಲುದು, ಎಚ್ಚರವಾಗಬೇಕಾದವನು ಮನುಷ್ಯನೇ.

ಬಾವುಟದಿಂದ ರೇಡಾರಿನವರೆಗಿನ ಈ ದೀರ್ಘ ಪಥದಲ್ಲಿ ನಮಗೆ ಕಾಣುವುದು ಒಂದೇ ತತ್ತ್ವ: ಹೇಳಿದವನ ಹೊಣೆ ಹೇಳಿದ್ದರಿಂದ ತೀರುವುದಿಲ್ಲ, ಕೇಳಿದವನ ಹೊಣೆ ಕೇಳಿದ್ದರಿಂದ ತೀರುವುದಿಲ್ಲ, ಇಬ್ಬರ ಅರ್ಥವೂ ಒಂದೇ ಎಂದು ಸ್ಥಿರಪಟ್ಟ ಮೇಲೆಯೇ ಚಕ್ರಗಳು ಉರುಳಬೇಕು, ಸಂದೇಹ ಉಳಿದರೆ ಬಿಟ್ಟು ಏರಬೇಕು. ಇದರಲ್ಲಿ ಪ್ರಯಾಣಿಕರಿಗೂ ಒಂದು ಪಾಲುಂಟು. ಸಾಂಬ್ರಾದ ನೆಲ ಇನ್ನೇನು ಮುಟ್ಟಿತೆನ್ನುವಷ್ಟರಲ್ಲಿ ವಿಮಾನವು ಗುಡುಗುಟ್ಟಿ ಮತ್ತೆ ಮೇಲೇರಿ ಒಂದು ಸುತ್ತು ಹಾಕಿದರೆ, ಊರಿಗೆ ಹೋಗುವ ಬಸ್ಸು ತಪ್ಪಿತೆಂದು ಚಾಲಕನನ್ನು ಯಾರೂ ಹಳಿಯದಿರಲಿ. ಮಂಗಳೂರಿನಲ್ಲಿ ಅಂದು ಹಾಕದೆ ಹೋದದ್ದು ಆ ಒಂದು ಸುತ್ತನ್ನೇ.