ಸೈನ್ಯದ ಕೋವಿ, ಬೇಟೆಯ ಕೋವಿ

ಪೋತ್ನಾಳ ಸೀಮೆಯನ್ನೊಳಗೊಂಡ ರಾಯಚೂರು ದೋಆಬಿನ ಇತಿಹಾಸದಲ್ಲಿ ೧೫೨೦ರ ಮುತ್ತಿಗೆ ಪ್ರಸಿದ್ಧವಾದುದು. ಕೃಷ್ಣದೇವರಾಯನಿಗೆ ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ್ ವರ್ತಕ ಫಿಗೇರೆದೊ, ತನ್ನ ಸಂಗಡಿಗರ ಕೋವಿಗಳಿಂದ ಕೋಟೆಯ ಮೇಲಿದ್ದವರನ್ನು ಹೊಡೆದನೆಂದು ನೂನಿಜ್ ಬರೆದಿದ್ದಾನೆ. ವರ್ತಕನ ಕೋವಿ ಯುದ್ಧಕ್ಕೂ ಒದಗಿದ ಕಾಲವದು. ಸೈನ್ಯದ ಕೋವಿ ಬೇರೆ, ಪ್ರಜೆಯ ಕೋವಿ ಬೇರೆ ಎಂಬ ಕಟ್ಟುನಿಟ್ಟಾದ ಭೇದವು ನಮ್ಮಲ್ಲಿ ನೆಲೆಗೊಂಡುದು ಬ್ರಿಟಿಷರ ಶಾಸನಗಳಿಂದ. ಸೈನ್ಯವು ತ್ಯಜಿಸಿದ ಕೋವಿ ಬೇಟೆಯ ಕೋವಿಯಾಗಿ ಮಾರ್ಪಡುವ ಬಗೆಯನ್ನು ಪರಿಶೀಲಿಸಿದರೆ ಈ ಭೇದದ ಸ್ವರೂಪವನ್ನು ನಾವು ಸ್ಪಷ್ಟವಾಗಿ ಕಾಣಬಹುದು.

ಎರಡು ಮಹಾಯುದ್ಧಗಳ ತರುವಾಯ ಪಶ್ಚಿಮದ ದೇಶಗಳಲ್ಲಿ ಲೀ-ಎನ್‌ಫೀಲ್ಡ್, ಮೌಸರ್ ಮುಂತಾದ ಕೋವಿಗಳು ಅಗ್ಗವಾಗಿ ಮಾರಾಟಕ್ಕೆ ಬಂದವು. ನಳಿಗೆಯ ತುದಿಯವರೆಗೆ ಹಬ್ಬಿದ್ದ ಮರವನ್ನು ಕತ್ತರಿಸಿ, ಭಾರವನ್ನು ಇಳಿಸಿ, ಗುರಿ ನೋಡುವ ಸಾಧನವನ್ನು ಬದಲಿಸಿದರೆ ಬೇಟೆಗಾರನಿಗೆ ಸಾಕಾಗುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಪಾರ್ಕರ್-ಹೇಲ್ ಸಂಸ್ಥೆ ಈ ಕೆಲಸಕ್ಕೆ ಹೆಸರಾಯಿತು. ಅಲ್ಲಿ ಮಾರ್ಪಾಟು ಬಹುಮಟ್ಟಿಗೆ ಬಡಗಿಯ ಮತ್ತು ಕಮ್ಮಾರನ ಕೈಚಳಕದ ವಿಷಯ.

ಭಾರತದಲ್ಲಿ ಹಾಗಿರಲಿಲ್ಲ. ಇಲ್ಲಿ ಮುಖ್ಯವಾದುದು ನಳಿಗೆಯ ಒಳವ್ಯಾಸ. ಸೈನ್ಯದ ತೋಟಾ ಪ್ರಜೆಯ ಕೋವಿಗೆ ಹೊಂದಬಾರದೆಂಬುದು ಸರ್ಕಾರದ ನೀತಿ. ೧೯೦೭ರ ಸುಮಾರಿಗೆ .೪೫೦ ವ್ಯಾಸದ ಬೇಟೆಯ ಕೋವಿಗಳು ನಿಷಿದ್ಧವಾಗಲು, ಇಂಗ್ಲೆಂಡಿನ ತಯಾರಕರು .೪೭೦ ಮೊದಲಾದ ಹೊಸ ವ್ಯಾಸಗಳನ್ನು ರೂಪಿಸಬೇಕಾಯಿತು. ಸೈನ್ಯದ .೩೦೩ ಕೋವಿಯೂ ಸಾಮಾನ್ಯ ಪ್ರಜೆಗೆ ನಿಷಿದ್ಧವಾಗಿಯೇ ಉಳಿಯಿತು. ಕಲ್ಕತ್ತೆಯ ಸಮೀಪದ ಈಶಾಪುರದ ಕಾರ್ಖಾನೆ .೩೦೩ ಕೋವಿಗಳನ್ನು .೪೧೦ ವ್ಯಾಸದ, ಒಮ್ಮೆಗೆ ಒಂದೇ ಗುಂಡು ಹಾರಿಸುವ ನುಣುಪು ನಳಿಗೆಯ ಮಸ್ಕೆಟ್ಟುಗಳನ್ನಾಗಿ ಪೋಲೀಸರಿಗೂ ಕಾವಲುಗಾರರಿಗೂ ಮಾರ್ಪಡಿಸಿತು. ಅದೇ ಕಾರ್ಖಾನೆ ಪ್ರಜೆಗಳಿಗಾಗಿ ತಯಾರಿಸಿದ .೩೧೫ ಕೋವಿಯ ಯಂತ್ರಭಾಗವು ಲೀ-ಎನ್‌ಫೀಲ್ಡಿನ ಮಾದರಿಯದೇ. ಆದರೆ ಅದರ ನಳಿಗೆಗೆ ಸೈನ್ಯದ ತೋಟಾ ಹೊಂದುವುದಿಲ್ಲ. ದೇಹವೊಂದೇ, ಆಹಾರ ಬೇರೆ.

ಈ ನೀತಿಯ ಮೂಲದಲ್ಲಿರುವುದು ೧೮೫೭ರ ಭೀತಿ. ಆ ವರ್ಷದ ನಿಶ್ಶಸ್ತ್ರೀಕರಣ ಶಾಸನವನ್ನು ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ವಿರೋಧಿಸಿ ಬಂಡೆದ್ದರು. ಬೇಟೆಯೇ ಕುಲವೃತ್ತಿಯಾಗಿದ್ದವರಿಗೆ ಆಯುಧವನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದಂತೆ. ಬಂಡಾಯವನ್ನು ಕ್ರೂರವಾಗಿ ಅಡಗಿಸಲಾಯಿತು. ಇದಾದ ಕೆಲವೇ ವರ್ಷಗಳಲ್ಲಿ, ೧೮೬೧ರಲ್ಲಿ, ಸರ್ಕಾರಕ್ಕೆ ನಿಷ್ಠರೆನಿಸಿದ ಕೊಡವರಿಗೆ ಶಸ್ತ್ರಶಾಸನದಿಂದ ವಿನಾಯಿತಿ ದೊರೆಯಿತು. ಒಂದೇ ಭಾಷಾಪ್ರದೇಶದ ಎರಡು ಬೇಟೆಗಾರ ಜನಾಂಗಗಳಿಗೆ ಎರಡು ನ್ಯಾಯ ದೊರೆತುದು ಗಮನಾರ್ಹ.

ಸ್ವಾತಂತ್ರ್ಯಾನಂತರ ೧೯೫೯ರ ಶಸ್ತ್ರಶಾಸನವೂ ನಿಷಿದ್ಧ ವ್ಯಾಸವೆಂಬ ಕಲ್ಪನೆಯನ್ನು ಉಳಿಸಿಕೊಂಡಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನ ಮತ್ತು ೧೯೯೧ರ ತಿದ್ದುಪಡಿಗಳಿಂದ ವಿನೋದದ ಬೇಟೆ ಕೊನೆಗೊಂಡಿತು. ಬೇಟೆಯ ಕೋವಿ ಬೇಟೆಯನ್ನು ಕಳೆದುಕೊಂಡರೂ ವ್ಯಾಸದ ಗೆರೆ ಮಾತ್ರ ಅಳಿಯಲಿಲ್ಲ. ಆದುದರಿಂದ ಆಯುಧಗಳ ಇತಿಹಾಸವನ್ನು ಅಭ್ಯಸಿಸುವವರು ಕಬ್ಬಿಣವನ್ನು ಪರೀಕ್ಷಿಸಿದರೆ ಸಾಲದು. ಪ್ರಜೆಯನ್ನು ಪ್ರಭುತ್ವ ಎಷ್ಟರಮಟ್ಟಿಗೆ ನಂಬಿತೆಂಬುದನ್ನೂ ಆ ನಳಿಗೆಯ ಅಳತೆಯಲ್ಲಿ ಓದಬೇಕೆಂದು ನಾವು ಭಾವಿಸುತ್ತೇವೆ.